ಕಾಡಿನ ಕಾನೂನು, ಬಂದವರ ಜೀವ: ಕುದುರೆಮುಖಕ್ಕೆ ಹೊಸದಾಗಿ ಬರುವ ವಲಯ ಅರಣ್ಯಾಧಿಕಾರಿಗೆ

ಅಧಿಕಾರ ವಹಿಸಿಕೊಂಡ ಮೊದಲ ವಾರ ಕಡತಗಳ ಮುಂದೆ ಕೂರಬೇಡಿ, ನಡೆಯಿರಿ. ಕಡತ ಎಲ್ಲಿಗೂ ಓಡಿಹೋಗುವುದಿಲ್ಲ. ಹೊಸ ಸಾಹೇಬರು ಕಾಲಲ್ಲಿ ನಡೆಯುವವರೋ ಜೀಪಿನಲ್ಲಿ ಕೂರುವವರೋ ಎಂಬ ಸುದ್ದಿ ಮಾತ್ರ ಮೂರು ದಿನದಲ್ಲಿ ಕಳಸ ಪೇಟೆಯವರೆಗೂ ಮುಟ್ಟಿರುತ್ತದೆ. ಉರುಳು ಹಾಕುವವನು ಕಾಯುತ್ತಿರುವುದೂ ಅದೇ ಸುದ್ದಿಗಾಗಿ.

ಮಲೆನಾಡಿನ ವಲಯಗಳಲ್ಲಿ ಬಹುಕಾಲ ದುಡಿದು ನಿವೃತ್ತನಾದವನು ನಾನು. ಇಲ್ಲಿಗೆ ವರ್ಗವಾಗಿ ಬರುವ ಕಿರಿಯ ಅಧಿಕಾರಿಗಳು ಫೋನ್ ಮಾಡಿ, "ಎಲ್ಲಿಂದ ಶುರು ಮಾಡಲಿ ಸಾರ್?" ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಭದ್ರಾ ಅಭಯಾರಣ್ಯದ ಕಡೆ ಹೋಗುವವರಿಗೂ ಬಹುಪಾಲು ಹೊಂದುತ್ತದೆ. ಕಳ್ಳಬೇಟೆ ತಡೆಯುವುದು ನಮ್ಮ ನಿಜವಾದ ಕೆಲಸ, ಪ್ರವಾಸಿಗರನ್ನು ಕಾಯುವುದು ಮೇಲಿಂದ ಬಿದ್ದ ಹೊರೆ ಎಂದು ತಿಳಿದವರು ಇಲಾಖೆಯಲ್ಲಿ ಬಹಳ ಮಂದಿ ಇದ್ದಾರೆ. ಅದು ತಪ್ಪು. ಎರಡನ್ನೂ ಮಾಡುವವರು ಅದೇ ನಾಲ್ಕಾರು ಜನ. ನಡೆಯುವ ದಾರಿ ಒಂದೇ, ಬರೆಯುವ ಪುಸ್ತಕ ಒಂದೇ. ಒಂದರಲ್ಲಿ ಸಡಿಲ ಬಿಟ್ಟರೆ ಇನ್ನೊಂದೂ ಸಡಿಲವಾಗುತ್ತದೆ.

ಮೊದಲು ಸರಹದ್ದು ತಿಳಿದುಕೊಳ್ಳಿ

1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ ಸುಮಾರು 600 ಚದರ ಕಿಲೋಮೀಟರ್ ಇದೆ. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗಳಿಗೆ ಕಾಲು ಚಾಚಿದೆ. ವನ್ಯಜೀವಿ ವಿಭಾಗದ ಕಚೇರಿ ಘಟ್ಟದ ಕೆಳಗೆ ಕಾರ್ಕಳದಲ್ಲಿದೆ. ಆದ್ದರಿಂದ ಗುಡ್ಡದ ಈ ಮಗ್ಗುಲಲ್ಲಿ ಸಿಕ್ಕ ಆರೋಪಿ ಒಂದು ನ್ಯಾಯಾಲಯಕ್ಕೆ ಹೋದರೆ, ನೂರು ಮಾರು ಆಚೆ ಸಿಕ್ಕವನು ಇನ್ನೊಂದಕ್ಕೆ ಹೋಗಬೇಕಾಗಬಹುದು. ಮಧ್ಯರಾತ್ರಿ ಆರೋಪಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಇದನ್ನು ವಿಚಾರಿಸುವಂತಾಗಬಾರದು.

ಒಂದು ದೊಡ್ಡ ನಕ್ಷೆಯಲ್ಲಿ ಪ್ರತಿ ಗಸ್ತಿನ ಪ್ರದೇಶವನ್ನೂ ಗುರುತಿಸಿ, ಅದು ಯಾವ ಪೊಲೀಸ್ ಠಾಣೆಗೆ, ಯಾವ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಸೇರುತ್ತದೆ ಎಂದು ಬರೆಯಿರಿ. ಹಾವಿನ ವಿಷಕ್ಕೆ ಔಷಧ ಇರುವ ಹತ್ತಿರದ ಆಸ್ಪತ್ರೆ ಯಾವುದು, ಯಾವ ತಿರುವಿನಲ್ಲಿ ನಿಂತರೆ ಮೊಬೈಲ್ ಸಿಗ್ನಲ್ ಸಿಗುತ್ತದೆ ಎಂಬುದನ್ನೂ ಸೇರಿಸಿ. ಒಂದು ಪ್ರತಿ ಕಚೇರಿಯ ಗೋಡೆಗೆ, ಒಂದೊಂದು ಪ್ರತಿ ಎಲ್ಲ ಶಿಬಿರಗಳಿಗೂ ಹೋಗಲಿ. ಇಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು, ಆದರೆ ಆ ಕಾಲದ ರಸ್ತೆಗಳು ನಿಂತಲ್ಲೇ ಇವೆ. ಗೇಟು ಇಲ್ಲದ ದಾರಿಗಳನ್ನು ನಕ್ಷೆಯಲ್ಲಿ ಕೆಂಪು ಶಾಯಿಯಿಂದ ಎಳೆಯಿರಿ.

ಶಿಬಿರದವರನ್ನು ನೋಡಿಕೊಳ್ಳಿ

ಕಾನೂನು ಜಾರಿ ಮಾಡುವವರು ನೀವಲ್ಲ. ಮಳೆಯಲ್ಲಿ ಇಂಬಳ ಕಿತ್ತುಕೊಳ್ಳುತ್ತ ನಡೆಯುವ ವೀಕ್ಷಕ, ಗಸ್ತು ಅರಣ್ಯ ಪಾಲಕ. ಜೂನ್ ಹಿಡಿಯುವ ಮೊದಲೇ ಕಳ್ಳಬೇಟೆ ತಡೆ ಶಿಬಿರಗಳಿಗೆ ಅಕ್ಕಿ, ಬೇಳೆ, ಒಣ ಸೌದೆ, ಗಟ್ಟಿ ಮಳೆಯಂಗಿ, ಸರಿಯಾದ ಅಳತೆಯ ಬೂಟು ತಲುಪಿಸಿ. ಅಳತೆ ಎಂದದ್ದಕ್ಕೆ ಕಾರಣವಿದೆ. ಎಂಟರ ಕಾಲಿಗೆ ಹತ್ತರ ಬೂಟು ಕೊಟ್ಟರೆ ಅವನು ಅದನ್ನು ಮೂಲೆಗಿಟ್ಟು ಚಪ್ಪಲಿಯಲ್ಲೇ ಹೋಗುತ್ತಾನೆ, ಚಪ್ಪಲಿಯಲ್ಲಿ ಹೋದವನು ಹಳ್ಳ ದಾಟುವುದಿಲ್ಲ, ಹಳ್ಳದಾಚೆ ಉರುಳು ಬೀಳುತ್ತದೆ. ದಿನಗೂಲಿಯವರ ಸಂಬಳ ಎರಡು ತಿಂಗಳು ತಡವಾದರೆ ವಿಭಾಗ ಕಚೇರಿಯ ಬಾಗಿಲಲ್ಲಿ ನಿಲ್ಲಬೇಕಾದವರು ನೀವೇ.

ಗಸ್ತಿಗೆ ಇಬ್ಬರಿಗಿಂತ ಕಡಿಮೆ ಕಳಿಸಬೇಡಿ. ಹೊರಡುವ ಹೊತ್ತು, ದಾರಿ ದಿನದಿನವೂ ಬದಲಾಗಲಿ. ಜಿಪಿಎಸ್‌ನಲ್ಲಿ ನಡೆದ ಗೆರೆಯನ್ನು ವಾರಕ್ಕೊಮ್ಮೆ ನಕ್ಷೆಯ ಮೇಲಿಟ್ಟು ನೋಡಿ. ಎಲ್ಲಿ ಯಾರೂ ಹೋಗಿಲ್ಲವೋ ಮುಂದಿನ ವಾರ ಅಲ್ಲಿಗೆ ನೀವೇ ಹೋಗಿ. ತಿಂಗಳಿಗೊಂದು ರಾತ್ರಿಯಾದರೂ ಒಂದೊಂದು ಶಿಬಿರದಲ್ಲಿ ಮಲಗಿ. ಅಲ್ಲಿ ಗಂಜಿ ಉಣ್ಣುವಾಗ ಬರುವ ಮಾಹಿತಿ ಮಾಸಿಕ ಸಭೆಯಲ್ಲಿ ಬರುವುದಿಲ್ಲ.

ಬೇಸಿಗೆ ಹತ್ತಿರವಾದಾಗ ರಕ್ತ ಹೀರುವ ಉಣ್ಣೆ ಹುಳದ ಕಾಟ, ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ಜೀವ ತೆಗೆದಿದೆ. ಮೈಗೆ ಹಚ್ಚುವ ಡೆಪಾ ಎಣ್ಣೆಯನ್ನು ಆರೋಗ್ಯ ಇಲಾಖೆಯಿಂದ ಮೊದಲೇ ತರಿಸಿ. ಸತ್ತ ಮಂಗ ಕಂಡರೆ ಬರಿಗೈಯಲ್ಲಿ ಮುಟ್ಟದೆ, ಜಾಗ ಗುರುತಿಸಿ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರಲಿ.

ಗೇಟಿನ ಪುಸ್ತಕ

ನನ್ನನ್ನು ಕೇಳಿದರೆ ಇಡೀ ವ್ಯವಸ್ಥೆಯ ಬೆನ್ನೆಲುಬು ಇದು. ಚಾರಣದ ದಾರಿ ಶುರುವಾಗುವಲ್ಲಿ ಒಂದು, ವಾಹನಗಳ ತನಿಖಾ ಗೇಟುಗಳಲ್ಲಿ ಒಂದೊಂದು. ಆನ್‌ಲೈನ್ ಟಿಕೆಟ್ ಬಂದ ಮೇಲೆ ಪುಸ್ತಕ ಯಾಕೆ ಎನ್ನುವವರಿದ್ದಾರೆ. ಯಾರು ದುಡ್ಡು ಕಟ್ಟಿದರು ಎಂಬುದನ್ನು ಟಿಕೆಟ್ ಹೇಳುತ್ತದೆ. ಯಾರು ಒಳಗೆ ಹೋದರು, ಯಾರು ಇನ್ನೂ ಹೊರಬಂದಿಲ್ಲ ಎಂಬುದು ಅದರಿಂದ ತಿಳಿಯುವುದಿಲ್ಲ.

ಹೆಸರು, ಊರು, ಮೊಬೈಲ್ ಸಂಖ್ಯೆ, ಮನೆಯವರೊಬ್ಬರ ಸಂಖ್ಯೆ, ಜೊತೆಗೆ ಹೋದ ಮಾರ್ಗದರ್ಶಿ, ಒಳಹೋದ ಹೊತ್ತು, ಹೊರಬಂದ ಹೊತ್ತು. ಹೊರಬಂದ ಹೊತ್ತಿನ ಕಾಲಂ ಅನ್ನು ಬಂದವರ ಮುಖ ನೋಡಿಯೇ ತುಂಬಬೇಕು. ತಂಡದ ಒಬ್ಬ ಬಂದು "ಎಲ್ಲರೂ ಬಂದಾಯಿತು" ಎಂದರೆ ತುಂಬಬಾರದು. ಹಿಂದೆ ಉಳಿದವನು ಬರುತ್ತಿದ್ದಾನೆ ಎಂದು ಅವನು ನಂಬಿರುತ್ತಾನೆ. ಆ ನಂಬಿಕೆಯೇ ಅಪಾಯ.

ವಾಹನಗಳ ಪುಸ್ತಕವೂ ಅಷ್ಟೇ ಮುಖ್ಯ. ಕಾರ್ಕಳದಿಂದ ಬರುವ ರಸ್ತೆ ಎಸ್‌.ಕೆ. ಬಾರ್ಡರ್‌ನಲ್ಲಿ ಒಡೆದು ಒಂದು ಕುದುರೆಮುಖ, ಕಳಸದ ಕಡೆಗೆ, ಇನ್ನೊಂದು ಕೆರೆಕಟ್ಟೆ, ಶೃಂಗೇರಿ ಕಡೆಗೆ ಹೋಗುತ್ತದೆ. ಒಳಬರುವ ಗೇಟಿನಲ್ಲಿ ಸಮಯ ಬರೆದ ಚೀಟಿ ಕೊಟ್ಟು, ಹೊರಹೋಗುವ ಗೇಟಿನಲ್ಲಿ ಅದನ್ನು ತಾಳೆ ನೋಡಬೇಕು. ನಾನಿದ್ದ ಒಂದು ವಲಯದಲ್ಲಿ ಕಡವೆ ಬೇಟೆಯ ಪ್ರಕರಣ ಬಯಲಾದದ್ದು ಹೀಗೆಯೇ. ಗಂಟೆಯೊಳಗೆ ದಾಟಬೇಕಾದ ದಾರಿಗೆ ಒಂದು ಪಿಕಪ್ ವ್ಯಾನ್ ಮೂರು ಗಂಟೆ ತೆಗೆದುಕೊಂಡಿತ್ತು. "ಟೈರು ಪಂಕ್ಚರ್ ಆಗಿತ್ತು" ಎಂದ ಚಾಲಕ. ಗೇಟಿನಲ್ಲಿದ್ದ ವೀಕ್ಷಕರು ಬಗ್ಗಿ ನೋಡಿದರು. ಬಿಚ್ಚಿ ಹಾಕಿದ ಚಕ್ರವಾದರೆ ನಟ್ಟುಗಳ ಸುತ್ತ ಕೆಸರು ಒಡೆದಿರಬೇಕು. ನಾಲ್ಕೂ ಚಕ್ರಗಳಲ್ಲಿ ಹಳೆಯ ಕೆಸರು ಹಾಗೆಯೇ ಗಟ್ಟಿಯಾಗಿತ್ತು. ತಾಡಪಾಲು ಎತ್ತಿದಾಗ ಮಾಂಸ ಸಿಕ್ಕಿತು. ಪ್ರವಾಸಿಗರು ಕತ್ತಲಲ್ಲಿ ಸಿಕ್ಕಿಹಾಕಿಕೊಳ್ಳದಿರಲಿ ಎಂದು ಕೊಡುವ ಚೀಟಿ ಬೇಟೆಗಾರನನ್ನು ಹಿಡಿದುಕೊಟ್ಟಿತು.

ಪ್ರವಾಸಿಗರ ತಪ್ಪಿಗೆ ಎಷ್ಟು ಬಿಗಿ?

ಅನುಮತಿಯಿಲ್ಲದೆ ರಾಷ್ಟ್ರೀಯ ಉದ್ಯಾನ ಹೊಕ್ಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಭಯಾರಣ್ಯಕ್ಕೆ ಹೇಳಿದ ಸೆಕ್ಷನ್ 27ರ ನಿರ್ಬಂಧ ಸೆಕ್ಷನ್ 35ರ ಮೂಲಕ ಉದ್ಯಾನಕ್ಕೂ ಅನ್ವಯಿಸುತ್ತದೆ. ಹಾಗೆಂದು ದಾರಿಯಂಚಿನಲ್ಲಿ ಫೋಟೋಗೆ ಇಳಿದ ಸಂಸಾರವನ್ನೂ, ಟೆಂಟು ಹಾಕಿ ಬೆಂಕಿ ಹೊತ್ತಿಸಿದ ತಂಡವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮೊದಲನೆಯವರಿಗೆ ಎರಡು ಮಾತು ಸಾಕು. ಎರಡನೆಯವರ ಮೇಲೆ ಪ್ರಕರಣ ದಾಖಲಿಸಿ. ಒಣಹುಲ್ಲಿನ ಗುಡ್ಡದಲ್ಲಿ ಬೆಂಕಿ ಎಂದರೆ ಹುಡುಗಾಟವಲ್ಲ.

ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಯಾರೂ ಮುಟ್ಟಬಾರದು. ದಂಡ ಕಟ್ಟಿಸಿಕೊಂಡು ರಾಜಿ ಮಾಡುವ ಅಧಿಕಾರ ಉಪ ಅರಣ್ಯ ಸಂರಕ್ಷಣಾಧಿಕಾರಿ ದರ್ಜೆಗಿಂತ ಕೆಳಗಿನವರಿಗೆ ಇಲ್ಲ. ಸ್ಥಳದಲ್ಲೇ "ಏನೋ ಕೊಟ್ಟು ಹೋಗಿ" ಎಂಬ ಮಾತು ನಿಮ್ಮ ಗೇಟಿನಲ್ಲಿ ಒಮ್ಮೆ ಕೇಳಿಸಿದರೂ ಆ ಗೇಟಿನ ಪುಸ್ತಕವನ್ನು ಮುಂದೆ ಯಾರೂ ನಂಬುವುದಿಲ್ಲ.

ಹತ್ತುವ ಮೊದಲು ತಂಡವನ್ನು ನಿಲ್ಲಿಸಿ ಎರಡು ನಿಮಿಷ ಮಾತಾಡಿ. ಫಲಕ ಯಾರೂ ಓದುವುದಿಲ್ಲ, ಎದುರು ನಿಂತು ಹೇಳಿದ್ದನ್ನು ಕೇಳುತ್ತಾರೆ. ನಾನು ಹೇಳಿಸುತ್ತಿದ್ದುದು ಇಷ್ಟು: ತಂಡದಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ ಇರಲಿ, ಮಂಜು ಮುಸುಕಿದರೆ ಇದ್ದಲ್ಲೇ ನಿಲ್ಲಿ, ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದರೂ ಅಲ್ಲಿಂದ ಹಿಂದಿರುಗಿ, ತುದಿ ಕಣ್ಣೆದುರೇ ಇದ್ದರೂ ಸರಿ. ಹನುಮನಗುಂಡಿಯಂಥ ಜಲಪಾತಗಳಲ್ಲಿ ಇನ್ನೊಂದು ಮಾತು ಸೇರಿಸಬೇಕು. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದರೆ, ತರಗೆಲೆ ಕಡ್ಡಿ ತೇಲಿಬಂದರೆ ಮೇಲೆಲ್ಲೋ ಮಳೆ ಸುರಿದಿದೆ ಎಂದು ಅರ್ಥ. ಇಲ್ಲಿ ಬಿಸಿಲಿದ್ದರೂ ಆ ಕ್ಷಣವೇ ದಡ ಹತ್ತಬೇಕು.

ಉರುಳು ಸಿಕ್ಕಿತು, ಈಗ?

ಎಸ್ಟೇಟ್ ಬೇಲಿಯಲ್ಲಿ ಒಂದು ಮೊಳ ಅಗಲದ ಕಂಡಿ. ಎರಡೂ ಬದಿ ಗೂಟ. ನಡುವೆ ಮೊಣಕಾಲೆತ್ತರದಲ್ಲಿ ಬೈಕಿನ ಕ್ಲಚ್ ತಂತಿಯ ಕುಣಿಕೆ, ಹೊಳಪು ಕಾಣದಿರಲೆಂದು ಹೊಗೆಗೆ ಹಿಡಿದು ಕಪ್ಪು ಮಾಡಿದ್ದು. ಹಂದಿಗೆಂದು ಹಾಕಿದ್ದಕ್ಕೆ ಕಾಡುಕುರಿ ಬೀಳುತ್ತದೆ, ಚಿರತೆಯೂ ಬೀಳುತ್ತದೆ. ಇದನ್ನು ಕಂಡ ಕೂಡಲೇ ಕಿತ್ತು ತಂದು "ಸಾರ್, ಸಿಕ್ಕಿತು" ಎಂದು ಮೇಜಿನ ಮೇಲಿಡುವ ಹುಮ್ಮಸ್ಸು ನಮ್ಮ ಹುಡುಗರಿಗೆ ಇರುತ್ತದೆ. ಕಿತ್ತ ತಂತಿ ಬರೀ ತಂತಿ. ಅದರಿಂದ ಪ್ರಕರಣ ಹುಟ್ಟುವುದಿಲ್ಲ.

ಮೊದಲು ನಿಂತಲ್ಲೇ ನಿಲ್ಲಿ. ಪ್ರಾಣಿ ಸಿಕ್ಕಿಬೀಳದಂತೆ ಕುಣಿಕೆಯನ್ನು ಮಾತ್ರ ಸಡಿಲಿಸಿ, ಉಳಿದದ್ದನ್ನು ಮುಟ್ಟಬೇಡಿ. ದೂರದಿಂದ ಒಂದು, ಹತ್ತಿರದಿಂದ ಒಂದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಇನ್ನೊಂದು ಫೋಟೋ. ಜಿಪಿಎಸ್ ಬಿಂದು ಬರೆದುಕೊಳ್ಳಿ. ಒಂದು ಸಿಕ್ಕರೆ ಅದೇ ಬೇಲಿಯ ಗುಂಟ ಇನ್ನಷ್ಟು ಇರುತ್ತವೆ, ಹುಡುಕಿ. ಬೀಡಿಯ ತುಂಡು, ಹೆಜ್ಜೆ, ಹಸಿ ಗೂಟ ಕಡಿದ ಕತ್ತಿಯ ಗುರುತು ಎಲ್ಲವೂ ಮಾತಾಡುತ್ತವೆ. ಹಾಕಿದವನು ಮುಂಜಾನೆ ನೋಡಲು ಬಂದೇ ಬರುತ್ತಾನೆ. ಹೊಂಚು ಕೂರುವುದಾದರೆ ಮೂವರಿಗಿಂತ ಕಡಿಮೆ ಬೇಡ. ಅವನ ಕೈಯಲ್ಲಿ ಕೋವಿ ಇರಬಹುದು ಎಂದೇ ಎಣಿಸಿ ಕೂರಿ. ಮಾಂಸದ ಉಂಡೆಯಂತೆ ಏನಾದರೂ ನೆಲದಲ್ಲಿ ಬಿದ್ದಿದ್ದರೆ ಒದೆಯಬೇಡಿ, ಎತ್ತಬೇಡಿ. ಹಂದಿಗೆ ಇಡುವ ಸಿಡಿಮದ್ದು ಅದು. ದೂರ ನಿಂತು ಪೊಲೀಸರನ್ನು ಕರೆಯಿರಿ.

ಆಮೇಲೆ ಮಹಜರು, ಅಂದರೆ ಸ್ಥಳದಲ್ಲಿ ಕಂಡದ್ದನ್ನು, ಸಿಕ್ಕಿದ್ದನ್ನು ದಾಖಲಿಸುವ ಪತ್ರ. ಸ್ಥಳದಲ್ಲೇ, ಇಬ್ಬರು ಸ್ಥಳೀಯ ಪಂಚರ (ಸಾಕ್ಷಿಗಳ) ಎದುರು ಬರೆಯಿರಿ. ಪ್ರತಿ ಸಲವೂ ನಮ್ಮದೇ ವಾಹನದ ಚಾಲಕರನ್ನು ಪಂಚರನ್ನಾಗಿಸಬೇಡಿ. ತಾರೀಖು, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ನಾಲ್ಕೂ ದಿಕ್ಕಿನ ಚಕ್ಕುಬಂದಿ, ಸಿಕ್ಕ ಪ್ರತಿ ವಸ್ತುವಿನ ಅಳತೆ ಇರಲಿ. ಒಂದೊಂದನ್ನೂ ಬೇರೆಬೇರೆ ಕಟ್ಟಿ, ಅರಗಿನ ಮೊಹರು ಹಾಕಿ, ಪಂಚರ ಸಹಿಯ ಚೀಟಿ ಅಂಟಿಸಿ, ಮೊಹರಿನ ಮಾದರಿಯನ್ನು ಮಹಜರಿನಲ್ಲೂ ಒತ್ತಿ. ಮೊಬೈಲಿನಲ್ಲಿ ವಿಡಿಯೋ ಮಾಡಿ. ಅದನ್ನು ನ್ಯಾಯಾಲಯ ಒಪ್ಪಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು, ಅದನ್ನು ಅವತ್ತೇ ತಯಾರಿಸಿ. ಮಾಂಸದ ಮಾದರಿಯನ್ನು ಡಿಎನ್‌ಎ ಪರೀಕ್ಷೆಗೆ ಹೈದರಾಬಾದ್ ಅಥವಾ ಡೆಹ್ರಾಡೂನ್‌ನ ಪ್ರಯೋಗಾಲಯಕ್ಕೆ ಕಳಿಸುವಾಗ ಫಾರ್ಮಲಿನ್‌ನಲ್ಲಿ ಹಾಕಬೇಡಿ, ಡಿಎನ್‌ಎ ಕೆಡುತ್ತದೆ. ಶುದ್ಧ ಆಲ್ಕೋಹಾಲ್‌ನಲ್ಲಿಡಿ.

ಸಿಕ್ಕವನ ಮೇಲೆ ಕೈ ಮಾಡಬೇಡಿ, ಮಾಡಲು ಬಿಡಬೇಡಿ. ಬಂಧನದ ಕಾರಣವನ್ನು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳಿ, ಮನೆಯವರಿಗೆ ತಿಳಿಸಿ, ವೈದ್ಯರಿಗೆ ತೋರಿಸಿ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ. ಸಾಕ್ಷ್ಯ ದಾಖಲಿಸುವ ಅಧಿಕಾರ ವನ್ಯಜೀವಿ ಕಾಯ್ದೆಯ ಸೆಕ್ಷನ್ 50(8)ರಡಿ ಅಧಿಕೃತಗೊಂಡ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿಗೆ ಇದೆ, ಅದೂ ಆರೋಪಿಯ ಎದುರಿನಲ್ಲಿ. ಅವರನ್ನು ಬೇಗ ಕರೆಸಿ. 2022ರಲ್ಲಿ ತಿದ್ದುಪಡಿಯಾದ ಕಾಯ್ದೆಯಂತೆ ಉದ್ಯಾನದೊಳಗಿನ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ, ಕನಿಷ್ಠ 25,000 ರೂಪಾಯಿ ದಂಡ. ಇದರಲ್ಲಿ ರಾಜಿಗೆ ಅವಕಾಶವೇ ಇಲ್ಲ. ಯಾರ ಫೋನ್ ಬಂದರೂ ಈ ಒಂದು ವಾಕ್ಯ ಹೇಳಿದರೆ ಸಾಕು.

ನಾನು ಬರೆದ ಒಂದು ಮಹಜರು ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಬೆಳಿಗ್ಗೆ ಹತ್ತೂವರೆಗೆ ಸ್ಥಳದಲ್ಲಿ ಮಹಜರು ಶುರುವಾಯಿತು ಎಂದು ನಾನು ಬರೆದಿದ್ದೆ. ಜೀಪಿನ ಲಾಗ್ ಪುಸ್ತಕದಲ್ಲಿ ಚಾಲಕರು ಕಚೇರಿ ಬಿಟ್ಟದ್ದು ಹನ್ನೊಂದಕ್ಕೆ ಎಂದು ಬರೆದಿದ್ದರು. ಪಾಟೀಸವಾಲಿನಲ್ಲಿ ಆರೋಪಿಯ ವಕೀಲರು ಎರಡನ್ನೂ ಪಕ್ಕಪಕ್ಕ ಇಟ್ಟರು. ಬೇಟೆ ನಿಜ, ಮಾಂಸ ನಿಜ, ಕೋವಿ ನಿಜ. ಅರ್ಧ ಗಂಟೆಯ ವ್ಯತ್ಯಾಸ ಎಲ್ಲವನ್ನೂ ನುಂಗಿತು, ಆರೋಪಿ ಖುಲಾಸೆಯಾದ. ಅಂದಿನಿಂದ ಮಹಜರಿಗೆ ಸಹಿ ಹಾಕುವ ಮೊದಲು ಲಾಗ್ ಪುಸ್ತಕ, ಗಸ್ತಿನ ದಿನಚರಿ, ಗೇಟಿನ ಪುಸ್ತಕ, ಫೋಟೋಗಳ ಸಮಯ ನಾಲ್ಕನ್ನೂ ತಾಳೆ ನೋಡುತ್ತಿದ್ದೆ. ನೀವು ಮೊದಲ ಪ್ರಕರಣದಿಂದಲೇ ನೋಡಿ.

ಪುಸ್ತಕದಲ್ಲಿ ಒಬ್ಬರು ಕಡಿಮೆ

ಸಂಜೆ ಆರಕ್ಕೆ ಕೂಡಿಸಿದಾಗ ಹೊರಬಂದವರ ಲೆಕ್ಕದಲ್ಲಿ ಒಬ್ಬರು ಕಡಿಮೆ ಎಂದುಕೊಳ್ಳಿ. ಇನ್ನೂ ಅರ್ಧ ಗಂಟೆ ನೋಡೋಣ ಎನ್ನಬೇಡಿ. ಮಲೆನಾಡಿನಲ್ಲಿ ಆ ಅರ್ಧ ಗಂಟೆಯಲ್ಲೇ ಬೆಳಕು ಮುಗಿಯುತ್ತದೆ.

ಜೊತೆಗಿದ್ದವರನ್ನು ಹೋಗಲು ಬಿಡಬೇಡಿ, ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಕೇಳಿ. ಕೊನೆಯದಾಗಿ ಕಂಡದ್ದು ಎಲ್ಲಿ, ಯಾವ ಬಣ್ಣದ ಅಂಗಿ, ಬೂಟಿನ ಅಡಿ ಹೇಗಿದೆ, ಮೈಗೆ ಹುಷಾರಿತ್ತೇ, ಜಗಳವಾಗಿತ್ತೇ. ಕೊನೆಯ ಪ್ರಶ್ನೆ ಕೇಳಲು ಸಂಕೋಚಪಡಬೇಡಿ. ದಾರಿ ಬಲ್ಲ ಇಬ್ಬರನ್ನು ಕೂಡಲೇ ಆ ಜಾಗಕ್ಕೆ ಓಡಿಸಿ. ಕೆಳಗಿನ ಊರುಗಳಲ್ಲಿ ಹೊರಬರಬಹುದಾದ ದಾರಿಗಳಿಗೆ ಒಬ್ಬೊಬ್ಬರನ್ನು ನಿಲ್ಲಿಸಿ. 112ಕ್ಕೆ ಕರೆ ಮಾಡಿ, ಪೊಲೀಸರಿಂದ ಮೊಬೈಲಿನ ಕೊನೆಯ ಟವರ್ ತಿಳಿಯಿರಿ. 108ರ ಆಂಬುಲೆನ್ಸ್ ಬಂದು ದಾರಿಯ ಬಾಯಲ್ಲಿ ಕಾದಿರಲಿ. ಹುಡುಕಲು ಹೊರಟವರ ಹೆಸರನ್ನೂ ಪುಸ್ತಕದಲ್ಲಿ ಬರೆಯಿರಿ. ಒಬ್ಬನನ್ನು ಹುಡುಕಲು ಹೋಗಿ ಇಬ್ಬರು ಕಳೆದುಹೋಗಬಾರದು.

ದಾರಿ ತಪ್ಪಿದವನು ಸಾಮಾನ್ಯವಾಗಿ ಹಳ್ಳ ಹಿಡಿದು ಇಳಿಯುತ್ತಾನೆ. ನೀರಿನ ಸದ್ದು ಊರಿಗೆ ಕರೆದೊಯ್ಯುತ್ತದೆ ಎಂಬ ನಂಬಿಕೆ ಅವನದು. ಘಟ್ಟದ ಪಶ್ಚಿಮದ ಮಗ್ಗುಲಲ್ಲಿ ಆ ಹಳ್ಳಗಳು ಬಂಡೆಯಿಂದ ಧುಮುಕುತ್ತವೆ. ಹಾಗಾಗಿ ಶೋಲೆಯೊಳಗಿನ, ಅಂದರೆ ಗುಡ್ಡದ ಮಡಿಲಿನ ದಟ್ಟ ಕಾಡಿನೊಳಗಿನ, ಹಳ್ಳದ ತಲೆಗಳನ್ನು ಮೊದಲು ನೋಡಿ. ಹೆಸರು ಹಿಡಿದು ಕೂಗಿ, ಸೀಟಿ ಊದಿ, ಆಮೇಲೆ ಪೂರ್ತಿ ಒಂದು ನಿಮಿಷ ಸುಮ್ಮನಿರಿ. ಎಲ್ಲರೂ ಒಟ್ಟಿಗೆ ಕೂಗುತ್ತಲೇ ಇದ್ದರೆ ಅವನ ದನಿ ಕೇಳಿಸುವುದು ಹೇಗೆ? ಒಂದು ಮಂಜಿನ ರಾತ್ರಿ ನಾವು ಮೂರು ಸಲ ದಾಟಿ ಹೋಗಿದ್ದ ಬಂಡೆಯ ಕೆಳಗೇ ಕಾಲೇಜು ಹುಡುಗನೊಬ್ಬ ಮುದುರಿ ಕೂತಿದ್ದ. ನಾಲ್ಕನೆಯ ಸಲ ವಯಸ್ಸಾದ ವೀಕ್ಷಕರೊಬ್ಬರು ಎಲ್ಲರ ಬಾಯಿ ಮುಚ್ಚಿಸಿದರು. ಆಗ ಕೇಳಿಸಿದ್ದು ಕೂಗಲ್ಲ, ಹಲ್ಲು ಕಟಕಟಿಸುವ ಸದ್ದು.

ಸಿಕ್ಕವನನ್ನು ಆತುರದಲ್ಲಿ ನಡೆಸಬೇಡಿ. ನೆನೆದ ಬಟ್ಟೆ ತೆಗೆಸಿ, ಒಣ ಕಂಬಳಿ ಹೊದಿಸಿ, ಪ್ರಜ್ಞೆ ಸರಿಯಿದ್ದರೆ ಬೆಲ್ಲ ಹಾಕಿದ ಬಿಸಿನೀರು ಕೊಡಿ. ಕುದುರೆಮುಖದ ತುದಿ 1,890 ಮೀಟರಿಗೂ ಎತ್ತರ. ಮಳೆಗಾಳಿಯಲ್ಲಿ ಅಲ್ಲಿ ಚಳಿಯೇ ಜೀವ ತೆಗೆಯುತ್ತದೆ. ಹಾವು ಕಚ್ಚಿದ್ದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಚೀಪುವುದು ಬೇಡ. ಕಚ್ಚಿದ ಕಾಲು ಅಲುಗದಂತೆ ದಬ್ಬೆ ಕಟ್ಟಿ ಹೊತ್ತು ತನ್ನಿ. ಎರಡು ಬಿದಿರು, ಎರಡು ಗೋಣಿಚೀಲ ಇದ್ದರೆ ಡೋಲಿಯಾಗುತ್ತದೆ. ಪ್ರತಿ ಶಿಬಿರದಲ್ಲೂ ಅದು ಸಿದ್ಧವಿರಲಿ.

ಬೆಂಕಿಯ ತಿಂಗಳುಗಳು

ಬೆಂಕಿ ಹಬ್ಬದಂತೆ ಹುಲ್ಲು ತೆಗೆದು ಮಾಡುವ ಬೆಂಕಿ ರೇಖೆಯ ಕೆಲಸ ಹುಲ್ಲು ಪೂರ್ತಿ ಒಣಗುವ ಮೊದಲೇ ಮುಗಿದಿರಬೇಕು. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಉಪಗ್ರಹ ಎಚ್ಚರಿಕೆ ನಿಮ್ಮ ಫೋನಿಗೆ ಮಾತ್ರವಲ್ಲ, ಗಸ್ತಿನವರ ಫೋನಿಗೂ ಬರುವಂತೆ ನೋಂದಾಯಿಸಿ. ಆ ತಿಂಗಳುಗಳಲ್ಲಿ ಚಾರಣ ನಿಲ್ಲಿಸಿದ್ದೇವೆ ಎಂದು ಫಲಕ ಹಾಕಿ ಕೂರಬೇಡಿ, ಅಡ್ಡದಾರಿಗಳಲ್ಲಿ ಜನ ನಿಲ್ಲಿಸಿ. 2023ರ ಫೆಬ್ರವರಿಯಲ್ಲಿ ಪಕ್ಕದ ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಭಾಗದಲ್ಲಿ ಬೆಂಕಿ ಆರಿಸಲು ಹೋದ ನಮ್ಮ ಇಲಾಖೆಯ ಸಿಬ್ಬಂದಿಯೊಬ್ಬರು ಸುಟ್ಟಗಾಯಗಳಿಂದ ತೀರಿಕೊಂಡರು. ಇಳಿಜಾರಿನಲ್ಲಿ ಬೆಂಕಿಯ ಮೇಲ್ಭಾಗಕ್ಕೆ ಯಾರನ್ನೂ ಕಳಿಸಬೇಡಿ. ಓಡಿಹೋಗುವ ದಾರಿ ಯಾವುದು ಎಂದು ತೋರಿಸಿದ ಮೇಲೆಯೇ ಬೆಂಕಿ ಬಡಿಯುವ ಹಸಿ ಸೊಪ್ಪು ಕೈಗೆತ್ತಿಕೊಳ್ಳಲಿ.

ಒಳಗಿನ ಊರಿನವರು

ಉದ್ಯಾನದ ಒಳಗೆ, ಅಂಚಿನಲ್ಲಿ ಮಲೆಕುಡಿಯರು, ಗೌಡಲು ಸಮುದಾಯದವರು, ಸಣ್ಣ ಹಿಡುವಳಿಯ ರೈತರು ತಲೆಮಾರುಗಳಿಂದ ಇದ್ದಾರೆ. ಒಕ್ಕಲೆಬ್ಬಿಸುತ್ತಾರೆಂಬ ಭಯ ಅವರ ಮನಸ್ಸಿನಿಂದ ಇನ್ನೂ ಪೂರ್ತಿ ಹೋಗಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ನೀವು ವನ್ಯಜೀವಿ ಕಾಯ್ದೆಯಷ್ಟೇ ಶ್ರದ್ಧೆಯಿಂದ ಓದಿರಬೇಕು. ಸೌದೆ ಹೊತ್ತ ಅಜ್ಜಿಯನ್ನು ಗದರಿಸಿ ಗಳಿಸುವುದು ಏನೂ ಇಲ್ಲ. ಅದೇ ಅಜ್ಜಿಯ ಮೊಮ್ಮಗ ನಾಳೆ ನಿಮ್ಮ ಮಾರ್ಗದರ್ಶಿ, ನಾಡಿದ್ದು ಡೋಲಿ ಹೊರುವವನು. ಕಾಡುಕೋಣ ಗದ್ದೆ ತುಳಿದರೆ ಪರಿಹಾರದ ಅರ್ಜಿಯನ್ನು ನೀವೇ ಅವರ ಜಗಲಿಯಲ್ಲಿ ಕೂತು ಬರೆಸಿಕೊಳ್ಳಿ. ನನಗೆ ಸಿಕ್ಕ ಸುಳಿವುಗಳಲ್ಲಿ ಹೆಚ್ಚಿನವು ಬಂದದ್ದು ಅಂಥ ಜಗಲಿಗಳಿಂದ.

ವರ್ಗವಾಗುವಾಗ

ಪ್ರಕರಣ ವಿಚಾರಣೆಗೆ ಬರುವ ಹೊತ್ತಿಗೆ ನೀವು ಬೇರೆ ಜಿಲ್ಲೆಯಲ್ಲಿರುತ್ತೀರಿ. ಪಂಚರಲ್ಲಿ ಒಬ್ಬರು ಬೆಂಗಳೂರಿಗೆ ಹೋಗಿರುತ್ತಾರೆ, ಇನ್ನೊಬ್ಬರು ಏನೂ ನೆನಪಿಲ್ಲ ಎನ್ನುತ್ತಾರೆ. ಹೊರಡುವ ಮೊದಲು ಬಾಕಿ ಪ್ರಕರಣಗಳ ಪಟ್ಟಿಯನ್ನು ನಿಮ್ಮ ಕೈಯಲ್ಲೇ ಬರೆದು ಮುಂದಿನವರಿಗೆ ಕೊಡಿ: ಪ್ರಕರಣದ ಸಂಖ್ಯೆ, ನ್ಯಾಯಾಲಯ, ಮುಂದಿನ ತಾರೀಖು, ಜಪ್ತಿಯಾದ ವಸ್ತು ಯಾವ ಕೋಣೆಯ ಯಾವ ಕಪಾಟಿನಲ್ಲಿದೆ, ಪಂಚರ ಈಗಿನ ಫೋನ್ ಸಂಖ್ಯೆ. ನಿಮ್ಮ ದಿನಚರಿಯ ನಕಲನ್ನು ಇಟ್ಟುಕೊಳ್ಳಿ. ಸಮನ್ಸ್ ಬಂದರೆ ರಜೆ ಹಾಕಿಯಾದರೂ ಹೋಗಿ, ಹಿಂದಿನ ರಾತ್ರಿ ಕಳಸದಲ್ಲೋ ಕಾರ್ಕಳದಲ್ಲೋ ಉಳಿದು ಮಹಜರನ್ನು ಎರಡು ಸಲ ಓದಿ. ಸಾಧ್ಯವಾದರೆ ಅಂದು ನಿಮ್ಮೊಡನೆ ಹೊಂಚು ಕೂತಿದ್ದ ವೀಕ್ಷಕರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಬಸ್ಸಿನ ಖರ್ಚು, ಊಟ ನಿಮ್ಮದಿರಲಿ. ಅವರಿಗೆ ಆ ದಿನದ ಕೂಲಿ ಸಿಗುವಂತೆ ಮೊದಲೇ ಬರೆದು ಕಳಿಸಿ.